ಓದುಗರ ಸ್ಪಂದನ: ಶನಿವಾರ ರಾತ್ರಿಯ ಹೊಟ್ಟೆನೋವು

‘ಎಂಟು ವರ್ಷದ ಮಗನಿಗೆ ಮ್ಯಾಚ್ ಹಿಂದಿನ ರಾತ್ರಿ ಹೊಟ್ಟೆನೋವು ಬರುತ್ತದೆ. ಮೈದಾನದ ಅಂಚಿನಲ್ಲಿ ನಿಂತು ಅವರಪ್ಪ ಆಟ ಮುಗಿಯುವವರೆಗೂ ಕೂಗುತ್ತಾರೆ. ಫುಟ್‌ಬಾಲ್ ಬಿಡಿಸಲೇ?’ ಎಂದು ಕೇಳಿದ್ದ ತಾಯಿಗೆ ಓದುಗರು ಬರೆದದ್ದು.

ಅಕ್ಕಾ, ಎರಡು ವರ್ಷದ ಹಿಂದೆ ಹಾಗೆ ಕೂಗುತ್ತಿದ್ದ ಅಪ್ಪ ನಾನು. ಮಗಳು ಅಂಡರ್-9 ಟೀಮಿನಲ್ಲಿದ್ದಳು. ಒಂದು ಭಾನುವಾರ 4-1ಕ್ಕೆ ಸೋತರು. ಪಾಸ್ ಯಾಕೆ ಕೊಡಲಿಲ್ಲ, ಹಿಂದೆ ಯಾಕೆ ಓಡಿ ಬರಲಿಲ್ಲ ಎಂದು ಕಾರಿನಲ್ಲಿ ದಾರಿಯುದ್ದಕ್ಕೂ ಪಾಠ ಮಾಡಿದೆ. ಅವಳು ಬಾಯಿ ಬಿಡಲಿಲ್ಲ. ಮೊಣಕಾಲ ಕೆಳಗೆ ಕಟ್ಟುವ ಶಿನ್‌ಗಾರ್ಡಿನ ಪಟ್ಟಿಯನ್ನು ಚರ್ರನೆ ಬಿಚ್ಚುವುದು, ಅಂಟಿಸುವುದು, ಮತ್ತೆ ಬಿಚ್ಚುವುದು. ಸಿಗ್ನಲ್‌ನಲ್ಲಿ ಕನ್ನಡಿಯಲ್ಲಿ ನೋಡಿದರೆ ಕಣ್ಣು ತುಂಬಿತ್ತು. ‘ಅಪ್ಪಾ, ಮುಂದಿನ ಮ್ಯಾಚ್‌ಗೆ ನೀನು ಬರಲೇಬೇಕಾ?’ ಎಂದಳು.

ನೀವು ಬೈದರೆ ನಿಮ್ಮವರು ಕೇಳಲಿಕ್ಕಿಲ್ಲ. ನಾನೂ ಕೇಳುತ್ತಿರಲಿಲ್ಲ. ನನ್ನ ಹೆಂಡತಿ ಮುಂದಿನ ಮ್ಯಾಚ್‌ನಲ್ಲಿ ನನ್ನದೇ ವಿಡಿಯೊ ಮಾಡಿ ತೋರಿಸಿದಳು. ಅದನ್ನು ಪೂರ್ತಿ ನೋಡಲು ನನ್ನಿಂದ ಆಗಲಿಲ್ಲ. ಈಗ ಆಟದ ಮಾತು ಮಗಳು ಎತ್ತಿದರೆ ಮಾತ್ರ.
– ಒಬ್ಬ ತಂದೆ, ಮೈಸೂರು

ಹೊಟ್ಟೆನೋವನ್ನು ನೆಪ ಅಂದುಕೊಳ್ಳಬೇಡಿ. ಭಯಕ್ಕೂ ಮಕ್ಕಳಿಗೆ ನಿಜವಾಗಿಯೇ ನೋವು ಬರುತ್ತದೆ. ಒಮ್ಮೆ ಡಾಕ್ಟರಿಗೂ ತೋರಿಸಿ.
– ಒಬ್ಬ ನರ್ಸ್, ಹಾಸನ

ನಾನು ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲಿ ಆಡಿ ಬೆಳೆದವನು. ನಮ್ಮ ಆಟಕ್ಕೆ ದೊಡ್ಡವರು ಬರುತ್ತಲೇ ಇರಲಿಲ್ಲ. ತಪ್ಪು ಮಾಡಿ ಮಾಡಿಯೇ ಕಲಿತೆವು. ಈಗ ಕೋಚಿಂಗ್ ಕೊಡುತ್ತೇನೆ. ಬಾಲ್ ಕಾಲಿಗೆ ಬಂದ ಕೂಡಲೇ ಎಷ್ಟೋ ಮಕ್ಕಳು ನೋಡುವುದು ಅಪ್ಪನ ಮುಖವನ್ನು. ‘ಹೊಡಿ, ಹೊಡಿ’ ಅಂದರೆ ಸುಮ್ನೆ ಮುಂದಕ್ಕೆ ಒದ್ದುಬಿಡುತ್ತಾರೆ. ಎದುರಿನ ಒಬ್ಬನನ್ನು ದಾಟಿ ಹೋಗೋಣ ಎನ್ನುವ ಧೈರ್ಯವೇ ಬರುವುದಿಲ್ಲ.

ನಿಮ್ಮ ಕೋಚ್ ಎಲ್ಲರನ್ನೂ ಆಡಿಸುತ್ತಾರಾ, ನೋಡಿ. ಈ ವಯಸ್ಸಿನಲ್ಲಿ ಒಂದೇ ವರ್ಷದ ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರ್‌ನಲ್ಲಿ ಹುಟ್ಟಿದವನಿಗೂ ಮೈಕಟ್ಟಿನಲ್ಲೇ ತುಂಬಾ ವ್ಯತ್ಯಾಸ ಇರುತ್ತದೆ. ದೊಡ್ಡ ಮೈಯವರನ್ನೇ ಆಡಿಸಿ ಕಪ್ ಗೆಲ್ಲುವ ಕಡೆ ಇದ್ದರೆ ಬೇರೆ ಕಡೆ ಸೇರಿಸಿ. ಆಟ ಮಾತ್ರ ಬಿಡಿಸಬೇಡಿ, ದಯವಿಟ್ಟು.
– ಒಬ್ಬ ಕೋಚ್, ಬೆಂಗಳೂರು

ನಾವು ಜರ್ಮನಿಯಲ್ಲಿದ್ದೇವೆ. ಇಲ್ಲಿ 2024-25ರ ಸೀಸನ್‌ನಿಂದ ಚಿಕ್ಕ ಮಕ್ಕಳ ಫುಟ್‌ಬಾಲ್‌ನ ನಿಯಮವೇ ಬದಲಾಗಿದೆ. ಏಳೆಂಟು ವರ್ಷದವರಿಗೆ ಪಾಯಿಂಟ್ಸ್ ಪಟ್ಟಿ ಇಲ್ಲ, ಲೀಗ್ ಇಲ್ಲ. ಪುಟ್ಟ ಮೈದಾನ, ಒಂದು ಕಡೆಗೆ ಮೂವರೋ ಐವರೋ, ಹೆಚ್ಚಾಗಿ ನಾಲ್ಕು ಸಣ್ಣ ಗೋಲು. ಸರದಿಯಂತೆ ಎಲ್ಲರೂ ಒಳಗೆ ಬರುತ್ತಾರೆ. ಜನ ಕಮ್ಮಿ ಇರುವುದರಿಂದ ಬಾಲ್ ಎಲ್ಲರ ಕಾಲಿಗೂ ಸಿಗುತ್ತದೆ. ನಾರ್ವೆಯಲ್ಲೂ ಮಗುವಿಗೆ 11 ತುಂಬುವ ವರ್ಷ ಬರುವವರೆಗೆ ರ‍್ಯಾಂಕ್ ಪಟ್ಟಿ ಹಾಕುವಂತಿಲ್ಲ. ಫುಟ್‌ಬಾಲ್ ತಾರೆ ಎರ್ಲಿಂಗ್ ಹಾಲಂಡ್ ಬೆಳೆದದ್ದು ಆ ದೇಶದ ಒಂದು ಸಣ್ಣ ಊರಿನಲ್ಲೇ ಅಲ್ವಾ? ಚಿಕ್ಕಂದಿನಲ್ಲಿ ಪಟ್ಟಿ ಇಲ್ಲದಿದ್ದರೆ ಆಟಗಾರರು ಹುಟ್ಟುವುದಿಲ್ಲ ಎನ್ನುವವರಿಗೆ ಇದನ್ನು ಹೇಳಿ.

ನಾಲ್ಕೈದು ಮನೆಯವರು ಸೇರಿ ಒಂದು ಭಾನುವಾರ ಹೀಗೆ ಆಡಿಸಿ ನೋಡಿ. ಗೋಲಿಗೆ ಕಂಬ ಬೇಕಿಲ್ಲ, ಎರಡೆರಡು ಚಪ್ಪಲಿ ಇಟ್ಟರೂ ಸಾಕು.
– ಒಬ್ಬ ತಾಯಿ, ಜರ್ಮನಿ