ಪದಚರ್ಚೆ: ಸಿಯಾಲಿಕ್ ಆಮ್ಲ ರಕ್ಷಣಾ ಕಣವನ್ನು ‘ತಣಿಸುತ್ತದೆ’ ಎನ್ನಬಹುದೇ?

ಗೆಳೆಯರೇ,

ಶಾಗಸ್ ಕಾಯಿಲೆಯ ಬಗ್ಗೆ ಪಿಯುಸಿ ಮಕ್ಕಳಿಗೆ ತಿಳಿಯುವಂಥ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಒಂದು ಕ್ರಿಯಾಪದ ಸಿಗುತ್ತಿಲ್ಲ.

ವಿಷಯ ಹೀಗಿದೆ. 1909ರಲ್ಲಿ ಬ್ರೆಜಿಲ್‌ನ ಕಾರ್ಲೋಸ್ ಶಾಗಸ್ ವಿವರಿಸಿದ ಈ ಕಾಯಿಲೆಗೆ ಟ್ರಿಪನೊಸೋಮ ಕ್ರೂಜಿ ಎಂಬ ಏಕಕೋಶ ಪರಜೀವಿ ಕಾರಣ. ನಮ್ಮ ಜೀವಕೋಶಗಳ ಹೊರಮೈಯಲ್ಲಿ ಸಕ್ಕರೆ ಅಣುಗಳ ಸರಗಳಿದ್ದು, ಹಲವು ಸರಗಳ ತುದಿಯಲ್ಲಿ ಸಿಯಾಲಿಕ್ ಆಮ್ಲ ಇರುತ್ತದೆ. ಕ್ರೂಜಿಗೆ ಇದನ್ನು ತಾನೇ ತಯಾರಿಸಲು ಬರುವುದಿಲ್ಲ. ಟ್ರಾನ್ಸ್-ಸಿಯಾಲಿಡೇಸ್ ಎಂಬ ಕಿಣ್ವದಿಂದ ನಮ್ಮ ಕೋಶಗಳ ಆ ತುದಿಯನ್ನೇ ಕಿತ್ತು ತನ್ನ ಮೈಮೇಲಿನ ಮ್ಯೂಸಿನ್ ಎಂಬ, ಸಕ್ಕರೆಸರಗಳನ್ನು ಹೊತ್ತ ಪ್ರೋಟೀನ್‌ಗಳಿಗೆ ಅಂಟಿಸಿಕೊಳ್ಳುತ್ತದೆ.

ಇಷ್ಟಕ್ಕೆ ‘ಮಾರುವೇಷ’, ‘ಮರೆಮಾಚು’ ಸಾಕು. ಕ್ರೂಜಿಯ ಮೈಯ ಗ್ಯಾಲಕ್ಟೋಸ್ ಎಂಬ ಸಕ್ಕರೆಯ ತುದಿಗಳನ್ನು ಗುರುತಿಸಿ ಕೊಲ್ಲಬಲ್ಲ ಪ್ರತಿಕಾಯಗಳು ಮನುಷ್ಯರ ರಕ್ತದಲ್ಲಿ ಮೊದಲೇ ಇರುತ್ತವೆ; ಸಿಯಾಲಿಕ್ ಆಮ್ಲದ ಹೊದಿಕೆ ಅವುಗಳಿಂದ ಅದನ್ನು ಕಾಪಾಡುತ್ತದೆ.

ತೊಡಕಿರುವುದು ಮುಂದಿನ ಹಂತದಲ್ಲಿ. ಬಿಳಿ ರಕ್ತಕಣಗಳ ಮೇಲೆ ಸಿಗ್ಲೆಕ್ ಎಂಬ ಗ್ರಾಹಕಗಳಿವೆ. ಸಿಯಾಲಿಕ್ ಆಮ್ಲ ತಾಗಿದಾಗ ಇವುಗಳಲ್ಲಿ ಹಲವು ‘ತಡೆ’ ಎಂಬ ಸಂಕೇತವನ್ನು ಕಣದೊಳಕ್ಕೆ ಕಳಿಸುತ್ತವೆ. ನಮ್ಮವೇ ಕೋಶಗಳ ಮೇಲೆ ಕಣ ಎರಗದಿರಲಿ ಎಂದು ಇರುವ ಏರ್ಪಾಡು ಅದು. ಕ್ರೂಜಿಯ ಮೇಲಿನ ಸಿಯಾಲಿಕ್ ಆಮ್ಲವೂ ಕೆಲವು ಸಿಗ್ಲೆಕ್‌ಗಳಿಗೆ ಅಂಟಬಲ್ಲದು. ಕಾವಲುಗಾರನ ಕಣ್ಣು ತಪ್ಪಿಸಿದ್ದಷ್ಟೇ ಅಲ್ಲ, ಅವನನ್ನು ಕೈಹಿಡಿದು ಕೂರಿಸಿದಂತೆ.

ಈ ಕೂರಿಸುವಿಕೆಗೆ ಏನನ್ನೋಣ? ‘ಹಸ್ತಕ್ಷೇಪ’ ಎಂದರೆ ಏನು ನಡೆಯಿತೆಂದೇ ತಿಳಿಯುವುದಿಲ್ಲ. ‘ದಮನ’ದಲ್ಲಿ ಬಲಪ್ರಯೋಗವಿದೆ, ಇಲ್ಲಿ ಅದಿಲ್ಲ. ‘ಕುಂದಿಸು’ ಎಂದರೆ ಕಣವೇ ಸೊರಗಿತೆಂದು ಓದಿಕೊಳ್ಳುತ್ತಾರೆ. ಕಣ ಗಟ್ಟಿಯಾಗಿಯೇ ಇದೆ, ಮುನ್ನುಗ್ಗುತ್ತಿಲ್ಲ. ನನಗೆ ಸದ್ಯ ಹತ್ತಿರವೆನಿಸಿರುವುದು ‘ತಣಿಸು’, ಸಿಟ್ಟು ತಣಿಸು ಎನ್ನುವ ಅರ್ಥದಲ್ಲಿ. ಆದರೆ ಹಸಿವು, ಬಾಯಾರಿಕೆ ತಣಿಸುವ ಅರ್ಥವೂ ಅದಕ್ಕಿದೆ. ಪಕ್ಕದಲ್ಲೇ ‘ಸಕ್ಕರೆ’ ಇದ್ದರೆ ಕಣಕ್ಕೆ ಆಹಾರ ಸಿಕ್ಕಿತೆಂದು ಮಕ್ಕಳು ತಿಳಿದಾರೆಂಬ ಅಳುಕು ನನ್ನದು. ಅದಕ್ಕೇ ಬರಿಯ ‘ಸಕ್ಕರೆ’ ಬಿಟ್ಟು ‘ಸಕ್ಕರೆಸರ’ ಎಂದು ಬರೆಯುತ್ತಿದ್ದೇನೆ.

ಕೆರಳಿದವರನ್ನು ಸುಮ್ಮನಾಗಿಸುವುದಕ್ಕೆ ನಿಮ್ಮ ಕಡೆ ಬೇರೆ ಮಾತಿದ್ದರೆ ಒಂದು ವಾಕ್ಯದಲ್ಲಿಟ್ಟು ತಿಳಿಸಿ. ‘ಸಂತೈಸು’ ಮಾತ್ರ ಬೇಡ. ಅದರಲ್ಲಿ ಒಳಿತು ಬಯಸುವ ಮನಸ್ಸಿದೆ.