ಗೇಮ್ ಖಾತೆ ಹ್ಯಾಕ್ ಆದರೆ: ಸೈಬರ್ ಸುರಕ್ಷತೆ ಕೆಲಸದ ನವೀನ್ ಅವರನ್ನು ಕೇಳಿ

ರೇಖಾ: ಸರ್, ಮಗ ಎಸ್ಸೆಸ್ಸೆಲ್ಸಿ. "ನಾನೇ ಮಾಡಿದ ಗೇಮ್, ಆಡಿ ನೋಡು" ಅಂತ ಗೆಳೆಯನ ಖಾತೆಯಿಂದ ಒಂದು ಫೈಲ್ ಬಂತು. ತೆರೆದ. ರಾತ್ರಿಯೊಳಗೆ ಗೇಮ್ ಖಾತೆ, ಇಮೇಲ್ ಎರಡೂ ಹೋದವು. ಓಟಿಪಿ ಯಾರಿಗೂ ಹೇಳಿಲ್ಲ. ಅದೇ ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ಬದಲಿಸಿದೆವು, ಮತ್ತೆ ಹೋಯಿತು.

ನವೀನ್: ಮೇಡಂ, ಮೊದಲು ಆ ಕಂಪ್ಯೂಟರ್‌ನ ಇಂಟರ್ನೆಟ್ ತೆಗೆಯಿರಿ. ಆಮೇಲೆ ಮುಂದೆ ಓದಿ.

ಲಾಗಿನ್ ಆದಮೇಲೆ ಬ್ರೌಸರ್ ಕುಕೀ ಎಂಬ ಒಂದು ಗುರುತು ಇಟ್ಟುಕೊಳ್ಳುತ್ತದೆ. ಟಿಕೆಟ್ ತೋರಿಸಿ ಒಳಗೆ ಹೋದವರ ಕೈಗೆ ಸೀಲ್ ಒತ್ತುತ್ತಾರಲ್ಲ, ಹಾಗೆ. ಆ ಫೈಲ್ ಈ ಕುಕೀಯನ್ನೂ ಸೇವ್ ಆದ ಪಾಸ್‌ವರ್ಡ್‌ಗಳನ್ನೂ ಕದ್ದಿರಬೇಕು. ಕುಕೀ ಸಿಕ್ಕವನಿಗೆ ಓಟಿಪಿ ಬೇಕಾಗುವುದಿಲ್ಲ. ಆ ಕಂಪ್ಯೂಟರ್‌ನಲ್ಲೇ ಹೊಸ ಪಾಸ್‌ವರ್ಡ್ ಹಾಕಿದರೆ ಅದೂ ಅವನಿಗೇ ಸಿಗಬಹುದು.

ನಿಮ್ಮ ಫೋನಿನಿಂದ ಮೊದಲು ಇಮೇಲ್ ವಾಪಸ್ ಪಡೆಯಿರಿ. ಅದರ ರಿಕವರಿ ನಂಬರ್ ನಿಮ್ಮದೇನಾ ನೋಡಿ. ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ. ಗೇಮ್ ಖಾತೆ ಆಮೇಲೆ. ಕಂಪ್ಯೂಟರ್‌ಗೆ ಬರೀ ಸ್ಕ್ಯಾನ್ ಸಾಲದು, ವಿಂಡೋಸ್ ಹೊಸದಾಗಿ ಹಾಕಿಸಿ. ಅದರಲ್ಲಿ ಬ್ಯಾಂಕ್ ಕೆಲಸ ಮಾಡ್ತೀರಾ? ನನಗೆ ಜಾಸ್ತಿ ಚಿಂತೆ ಅದೇ.

ಮಂಜು: ಬಿಜಿಎಂಐ ಗೇಮ್‌ನ ಯುಸಿ (ಆಟದೊಳಗಿನ ದುಡ್ಡು) ಫ್ರೀ ಕೊಡೋ ಲಿಂಕ್ ನಿಜಾನಾ?

ನವೀನ್: ಇಲ್ಲ.

ರೇಖಾ: ಹೌದು ಸರ್, ನಮ್ಮ ಯಜಮಾನರ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಅದರಲ್ಲೇ ಸೇವ್ ಆಗಿದೆ.

ನವೀನ್: ಈಗಲೇ ಬ್ಯಾಂಕಿಗೆ ಫೋನ್ ಮಾಡಿ ನಿಲ್ಲಿಸಿ. ನಂಬರ್ ಕಾರ್ಡಿನ ಹಿಂದೆ ಇದೆ, ಗೂಗಲ್‌ನಲ್ಲಿ ಹುಡುಕಬೇಡಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಶಿವಣ್ಣ: ಫಾರ್ವರ್ಡ್ ಬಂದಿದೆ. ಏರೋಪ್ಲೇನ್ ಮೋಡ್ ಮೂರು ಸಲ ಆನ್ ಆಫ್ ಮಾಡಿದ್ರೆ ಹ್ಯಾಕರ್ ಹೊರಗೆ ಹೋಗ್ತಾನಂತೆ. ಆಂಟಿವೈರಸ್ ಎಪಿಕೆನೂ (ಆ್ಯಪ್ ಹಾಕೋ ಫೈಲ್) ಇದೆ.

ನವೀನ್: ಶಿವಣ್ಣ, ಅಳಿಸಿ. ಕದ್ದ ಕುಕೀ ಅವನ ಹತ್ತಿರ ಇದೆ, ನಿಮ್ಮ ಫೋನ್ ಆಫ್ ಮಾಡಿ ಏನು ಪ್ರಯೋಜನ? ಆ ಎಪಿಕೆ ಯಾರೂ ಹಾಕಿಕೊಳ್ಳಬೇಡಿ. ಎಷ್ಟು ಸಲ ಹೇಳಬೇಕು?

ಸುಮಾ: ಮಗಳು ಆಡುವಾಗ ವಾಯ್ಸ್ ಚಾಟ್‌ನಲ್ಲಿ ಯಾರೋ ಶಾಲೆ ಹೆಸರು ಕೇಳ್ತಿದ್ದಾರೆ. ಏನು ಮಾಡಲಿ?

ವಿಶ್ವನಾಥ್: ಮಕ್ಕಳಿಗೆ ಗೇಮ್ ಕೊಡೋದೇ ತಪ್ಪು.

ಕಿರಣ್: ನೀವು ರಮ್ಮಿ ಆಡಿ ದುಡ್ಡು ಕಳ್ಕೊಂಡಿರಲಿಲ್ವಾ ಅಂಕಲ್?

ವಿಶ್ವನಾಥ್: ನನ್ನ ವಿಷಯ ನಿಂಗೆ ಬೇಡ. ದೊಡ್ಡವರ ಹತ್ತಿರ ಮಾತಾಡೋದು ಕಲಿ.

ಕಿರಣ್: ನೀವೇ ಶುರು ಮಾಡಿದ್ದು. ನವೀನ್ ಸರ್, ಹೆಸರಾಂತ ತಾಣದಿಂದ ಮಾಡ್ (ಗೇಮ್ ಬದಲಿಸೋಕೆ ಬೇರೆಯವರು ಮಾಡಿದ ಫೈಲ್) ಇಳಿಸಿದರೆ ಭಯ ಇಲ್ಲ ಅಲ್ವಾ?

ನವೀನ್: ಭಯ ಕಡಿಮೆ, ಅಷ್ಟೇ. 2023ರ ಜೂನ್‌ನಲ್ಲಿ ಫ್ರಾಕ್ಚರೈಸರ್ ಎಂಬ ಮಾಲ್‌ವೇರ್ (ಕೇಡು ಮಾಡುವ ಪ್ರೋಗ್ರಾಂ) ಹರಡಿದ್ದು ಹೆಸರಾಂತ ತಾಣಗಳ ಮೈನ್‌ಕ್ರಾಫ್ಟ್ ಮಾಡ್‌ಗಳಿಂದಲೇ. 2025ರ ಫೆಬ್ರವರಿಯಲ್ಲಿ ಗೇಮ್ ಮಾರುವ ತಾಣ ಸ್ಟೀಮ್ ಕೂಡ ಪೈರೇಟ್‌ಫೈ ಎಂಬ ಗೇಮ್ ತೆಗೆದುಹಾಕಿತು, ಅದರಲ್ಲೂ ಮಾಲ್‌ವೇರ್ ಇತ್ತು. ಚೀಟ್ (ಮೋಸದಿಂದ ಗೆಲ್ಲಿಸುವ ಪ್ರೋಗ್ರಾಂ), ಕ್ರ್ಯಾಕ್ (ದುಡ್ಡು ಕೊಡದೆ ಆಡಲು ಬೀಗ ಮುರಿದ ಗೇಮ್) ಅಂತೂ ಬೇಡವೇ ಬೇಡ. ಆಂಟಿವೈರಸ್ ಆಫ್ ಮಾಡಿ ಅಂತ ಹೇಳಿದರೆ ಅಲ್ಲಿಗೇ ಬಿಟ್ಟುಬಿಡಿ.

ಮಂಜು: ಯುಸಿ ಲಿಂಕ್‌ನಲ್ಲಿ ನನ್ನ ಫ್ರೆಂಡಿಗೆ ಸಿಕ್ಕಿದೆಯಂತೆ ಸರ್.

ನವೀನ್: ಮೇಲೆ ಹೇಳಿದ್ದೇನೆ.

ವಿಶ್ವನಾಥ್: ಅಡ್ಮಿನ್, ಈ ಹುಡುಗನನ್ನ ಗ್ರೂಪಿನಿಂದ ತೆಗೀರಿ.

ಸುಮಾ: ಸರ್, ನನ್ನ ಪ್ರಶ್ನೆ?

ರೇಖಾ: ಬ್ಯಾಂಕ್‌ನವರು ನಿಲ್ಲಿಸಿದರು ಸರ್. ಹಣ ಹೋಗಿಲ್ಲ. ಮಗ ಊಟ ಬಿಟ್ಟು ಅಳ್ತಿದ್ದಾನೆ.

ನವೀನ್: ಒಳ್ಳೆಯದಾಯಿತು. ಅವನನ್ನು ಬೈಯಬೇಡಿ, ಅವನಿಂದ ಈಗ ಕೆಲಸ ಇದೆ. ಅವನ ಹೆಸರಲ್ಲಿ ಅದೇ ಫೈಲ್ ಬೇರೆ ಹುಡುಗರಿಗೂ ಹೋಗುತ್ತಿರುತ್ತದೆ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿಸಿ. ಮೆಸೇಜ್ ಬೇಡ.