ಕ್ಯಾರೆಟ್ ಎರಡು ವರ್ಷದ ಗಿಡ ಅಂದಿದ್ದಕ್ಕೆ 5ನೇ ತರಗತಿ ಮಕ್ಕಳು ನಕ್ಕರು

ಮುಳಬಾಗಿಲು ಮೇಡಂ:
ಎಲ್ಲರಿಗೂ ನಮಸ್ಕಾರ. ಏಕವಾರ್ಷಿಕ, ದ್ವಿವಾರ್ಷಿಕ, ಬಹುವಾರ್ಷಿಕ ಸಸ್ಯಗಳ ಪಾಠ ಮಾಡುತ್ತಿದ್ದೆ. ರಾಗಿ ಒಂದು ವರ್ಷದ್ದು, ಮಾವು ಬಹಳ ವರ್ಷದ್ದು, ಅಲ್ಲಿವರೆಗೂ ಎಲ್ಲ ತಲೆ ಆಡಿಸಿದರು. ಕ್ಯಾರೆಟ್, ಎಲೆಕೋಸು ಎರಡು ವರ್ಷದ್ದು ಅಂದೆ ನೋಡಿ, ಹಿಂದಿನ ಬೆಂಚಿನ ಹುಡುಗ ಎದ್ದು "ಮಿಸ್, ನಮ್ಮಪ್ಪ ಮೂರು ತಿಂಗಳಿಗೇ ಕಿತ್ತು ಮಂಡಿಗೆ ಹಾಕ್ತಾರೆ, ಎರಡು ವರ್ಷ ಬಿಟ್ಟರೆ ಸಾಲ ಯಾರು ತೀರಿಸ್ತಾರೆ" ಅಂದ. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ, ಆದರೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಇನ್ನೊಬ್ಬಳು, ಬಾಳೆ ಒಂದೇ ಗೊನೆ ಬಿಟ್ಟು ಸಾಯುತ್ತಲ್ಲ, ಅದು ಯಾವ ಗುಂಪು ಅಂತ ಕೇಳಿದಳು. ಇವರಿಗೆ ಹೇಗೆ ಹೇಳಿಕೊಡೋದು? ಸುಮ್ನೆ ಪಟ್ಟಿ ಬಾಯಿಪಾಠ ಮಾಡಿಸೋಕೆ ಮನಸ್ಸಿಲ್ಲ.

ಚಿಂತಾಮಣಿ ರೈತ:
ಮೇಡಂ, ಆ ಹುಡುಗ ಹೇಳಿದ್ದೂ ಸರಿ, ಪುಸ್ತಕದಲ್ಲಿ ಇರೋದೂ ಸರಿ. ಅವರಪ್ಪ ಕ್ಯಾರೆಟ್ಟನ್ನು ಅರ್ಧ ಆಯಸ್ಸಿನಲ್ಲೇ ಕೀಳುತ್ತಾರೆ. ಗಡ್ಡೆ ಅನ್ನೋದು ಆ ಗಿಡ ಮುಂದಿನ ವರ್ಷ ಹೂ ಬಿಡೋಕೆ ಕೂಡಿಟ್ಟುಕೊಂಡ ಬುತ್ತಿ. ಅದನ್ನು ನಾವು ಸಾಂಬಾರಿಗೆ ಹಾಕಿಬಿಡುತ್ತೇವೆ. ಇನ್ನು ಕಿತ್ತಳೆ ಬಣ್ಣದ ಬಹುತೇಕ ಕ್ಯಾರೆಟ್ ತಳಿಗಳಿಗೆ ಹೂ ಬರಬೇಕಾದರೆ ಕೆಲವು ವಾರ 10 ಡಿಗ್ರಿಗಿಂತ ಕಡಿಮೆ ಚಳಿ ಬೇಕು, ನಮ್ಮ ಬಯಲುಸೀಮೆಯಲ್ಲಿ ಅಷ್ಟು ಚಳಿ ಎಲ್ಲಿ? ಹಾಗಾಗಿ ಬೀಜ ತಂಪು ಗುಡ್ಡಗಾಡಿನಿಂದ ಬರುತ್ತೆ, ನಮ್ಮ ಮಕ್ಕಳು ಕ್ಯಾರೆಟ್ ಹೂವನ್ನೇ ನೋಡಿರಲ್ಲ.

ನೀವು ಈರುಳ್ಳಿ ತೋರಿಸಿ. ಅದೂ ದ್ವಿವಾರ್ಷಿಕವೇ. ನಮ್ಮ ಕಡೆ ಗುಲಾಬಿ ಈರುಳ್ಳಿ ಬೆಳೆಯೋರು ಬೀಜಕ್ಕೆ ಅಂತ ಒಳ್ಳೆ ಗಡ್ಡೆ ಆರಿಸಿ ಇಟ್ಟುಕೊಂಡು, ಚಳಿ ಶುರುವಾಗೋ ಹೊತ್ತಿಗೆ ಮತ್ತೆ ನೆಡುತ್ತಾರೆ. ಮೊದಲ ಸಲ ಬೀಜದಿಂದ ಗಡ್ಡೆ. ಎರಡನೇ ಸಲ ಗಡ್ಡೆಯಿಂದ ಉದ್ದ ದಂಟು, ಅದರ ತುದಿಯಲ್ಲಿ ಬಿಳಿ ಚೆಂಡಿನ ಹಾಗೆ ಹೂ, ಆಮೇಲೆ ಕರಿ ಬೀಜ. ಅಲ್ಲಿಗೆ ಕಥೆ ಮುಗೀತು. ಎರಡು ವರ್ಷ ಅಂದರೆ ಕ್ಯಾಲೆಂಡರ್ ಲೆಕ್ಕ ಅಲ್ಲ, ಎರಡು ಬೆಳೆಗಾಲ ಅಂತ ಹೇಳಿ. ಒಂದೊಂದು ಸಲ ಚಳಿ ಜಾಸ್ತಿಯಾಗಿ ಮೊದಲ ಬೆಳೆಯಲ್ಲೇ ದಂಟು ಬಂದುಬಿಡುತ್ತೆ. ಆ ಈರುಳ್ಳಿ ಇಟ್ಟರೆ ಬಾಳಿಕೆ ಬರಲ್ಲ, ಕೇಳೋರೂ ಇರಲ್ಲ, ಅದರ ನೋವು ನಮಗೇ ಗೊತ್ತು.

ಗುಬ್ಬಿ ನಿವೃತ್ತ ಮೇಷ್ಟ್ರು:
ಚೆನ್ನಾಗಿ ಹೇಳಿದಿರಿ. ಬಾಳೆ ವಿಷಯ ನಾನು ಹೇಳುತ್ತೇನೆ. ನಾವು ಮರ ಅಂತ ಕರೆಯೋದು ಮರವೂ ಅಲ್ಲ, ನಿಜವಾದ ಕಾಂಡವೂ ಅಲ್ಲ, ಎಲೆ ಬುಡಗಳು ಒಂದರ ಮೇಲೊಂದು ಸುತ್ತಿಕೊಂಡಿರೋದು. ನೆಟ್ಟ ಒಂದು ವರ್ಷದ ಆಸುಪಾಸಿನಲ್ಲಿ ಗೊನೆ ಕೊಟ್ಟು ಅದು ಒಣಗುತ್ತೆ, ಆದರೆ ಮಣ್ಣೊಳಗಿನ ಗಡ್ಡೆ ಸತ್ತಿರಲ್ಲ, ಅದರಿಂದಲೇ ಕಂದು, ಅಂದರೆ ಮರಿ ಗಿಡ, ಬರುತ್ತಿರುತ್ತೆ. ಹಾಗಾಗಿ ಬಾಳೆ ಬಹುವಾರ್ಷಿಕ. ಕೂಳೆ ಬಾಳೆ, ಅಂದರೆ ಹೊಸದಾಗಿ ನೆಡದೆ ಆ ಕಂದನ್ನೇ ಮುಂದಿನ ಬೆಳೆಗೆ ಬಿಟ್ಟು, ಬೆಳೆಯೋರ ಮನೆ ಮಕ್ಕಳಿಗೆ ಇದು ಒಂದೇ ಮಾತಿಗೆ ಅರ್ಥ ಆಗುತ್ತೆ.

ನಾನು ಎರಡೇ ಪ್ರಶ್ನೆ ಕೇಳಿಸುತ್ತಿದ್ದೆ. ಬೀಜ ಬಿಟ್ಟ ಮೇಲೆ ಬೇರು ಸಮೇತ ಸಾಯುತ್ತಾ? ಅಷ್ಟಕ್ಕೆ ಎಷ್ಟು ಕಾಲ ಹಿಡಿಯಿತು? ಜಿಪಿಯು 28 ಅನ್ನೋ ತಳಿಯ ರಾಗಿ 110-115 ದಿನಕ್ಕೆ ಎಲ್ಲ ಮುಗಿಸುತ್ತೆ. ಬದುವಿನ ಕತ್ತಾಳೆ ಹತ್ತಾರು ವರ್ಷ ಸುಮ್ಮನಿದ್ದು, ಒಂದೇ ಸಲ ಆಳೆತ್ತರ ಮೀರಿದ ಹೂಗೊಂಚಲು ಎತ್ತಿ ಸಾಯುತ್ತೆ. ಹೆಬ್ಬಿದಿರೂ ಹಾಗೇ, ಸುಮಾರು 40 ವರ್ಷ ಕಾದು ಹೂ ಬಿಟ್ಟು ಮೆಳೆ ಪೂರ್ತಿ ಒಣಗುತ್ತೆ. ಒಂದೇ ಸಲ ಹೂ ಬಿಟ್ಟರೂ ಇವೆರಡೂ ಬಹುವಾರ್ಷಿಕ. ಇದನ್ನು ಕೇಳಿದರೆ ಮಕ್ಕಳ ಕಣ್ಣು ಅರಳುತ್ತೆ.

ಗೌರಿಬಿದನೂರು ಅಮ್ಮ:
ಪರೀಕ್ಷೆಗೆ ಏನು ಬರೀಬೇಕು ಅಂತಲೂ ಹೇಳಿ ಸರ್! ನಮ್ಮ ಹಿತ್ತಲಲ್ಲಿ ಬದನೆ ಗಿಡ ಎರಡು ವರ್ಷದಿಂದ ಇದೆ, ಸವರಿದರೆ ಮತ್ತೆ ಚಿಗುರಿ ಕಾಯಿ ಬಿಡುತ್ತೆ. ಮಗಳು ಅದನ್ನು ದ್ವಿವಾರ್ಷಿಕ ಅಂತ ಬರೆದು ಮಾರ್ಕ್ಸ್ ಕಳಕೊಂಡಳು.

ಗುಬ್ಬಿ ನಿವೃತ್ತ ಮೇಷ್ಟ್ರು:
ಅಮ್ಮಾ, ನಿಮ್ಮ ಮಗಳು ಗಿಡ ನೋಡಿದ್ದಾಳೆ, ಅದೇ ದೊಡ್ಡದು. ಆದರೆ ಎರಡು ವರ್ಷ ಬದುಕಿದ್ದೆಲ್ಲ ದ್ವಿವಾರ್ಷಿಕ ಅಲ್ಲ. ದ್ವಿವಾರ್ಷಿಕ ಮೊದಲ ವರ್ಷ ಬರೀ ಬೆಳೆಯುತ್ತೆ, ಎರಡನೇ ವರ್ಷ ಹೂ, ಬೀಜ, ಸಾವು. ನಿಮ್ಮ ಬದನೆ ಮೊದಲ ವರ್ಷವೇ ಕಾಯಿ ಕೊಟ್ಟಿದೆಯಲ್ವಾ? ಬದನೆ, ಟೊಮೆಟೊ, ಮೆಣಸಿನಕಾಯಿ ಸ್ವಭಾವದಲ್ಲಿ ಬಹುವಾರ್ಷಿಕ. ನಾವು ಇಳುವರಿ ಇಳಿದ ತಕ್ಷಣ ಕಿತ್ತು ಏಕವಾರ್ಷಿಕದ ಹಾಗೆ ಬೆಳೆಯುತ್ತೇವೆ. ಪರೀಕ್ಷೆಯಲ್ಲಿ ಪುಸ್ತಕದಲ್ಲಿ ಇದ್ದದ್ದೇ ಬರೆಯಲಿ, ಪಕ್ಕದಲ್ಲಿ ಈ ಮಾತೂ ಒಂದು ಸಾಲು ಬರೆಯಲಿ.

ಮುಳಬಾಗಿಲು ಮೇಡಂ:
ನಾಲ್ಕು ದಿನ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ಬಿಸಿಯೂಟದ ಅಡುಗೆಯವರ ಹತ್ತಿರ ಮೊಳಕೆ ಬಂದ ಆರು ಈರುಳ್ಳಿ ಕೇಳಿ ತಂದು ಕೈತೋಟದಲ್ಲಿ ನೆಟ್ಟಿದ್ದೇವೆ. ಕ್ಯಾರೆಟ್ ತಲೆ ಕತ್ತರಿಸಿ ತಟ್ಟೆ ನೀರಲ್ಲೂ ಇಟ್ಟಿದ್ದೇವೆ, ಸೊಪ್ಪು ಬರುತ್ತೆ, ಹೊಸ ಗಡ್ಡೆ ಬರಲ್ಲ ಅಂತ ಮೊದಲೇ ಹೇಳಿದ್ದೇನೆ, ಆದರೂ ದಿನಾ ಎತ್ತಿ ನೋಡುತ್ತಾರೆ. ಬೇಲಿ ಪಕ್ಕ ಒಂದು ಕತ್ತಾಳೆ ಮರಿಯನ್ನೂ ನೆಟ್ಟೆವು. ಬಾಳೆ ಬಗ್ಗೆ ಕೇಳಿದ್ದ ಹುಡುಗಿ, "ಇದು ಹೂ ಬಿಡೋ ಹೊತ್ತಿಗೆ ನಾನು ಕಾಲೇಜಿಗೆ ಹೋಗಿರ್ತೀನಿ, ನೀವೇ ಫೋನ್ ಮಾಡಿ ಮಿಸ್" ಅಂದಿದ್ದಾಳೆ.